ನರ ಕಟ್ಟಾದ ವರ್ಷ

ಹೋದ ವಾರ ತಿ. ನರಸೀಪುರದ ಅಕ್ಕನ ಮನೆಯಲ್ಲಿ ಒಂದು ಗಂಟನ್ನು ಎಡವಿದೆ. ನಡುಮನೆಯ ಬಾಗಿಲು ಹೊಳೆಯ ಕಡೆಯ ಗಾಳಿಗೆ ಬಡಿದುಕೊಳ್ಳದಿರಲೆಂದು ಅಡ್ಡ ಇಟ್ಟಿದ್ದ ಗಂಟು ಅದು. ಹಾಸಿಗೆಗೆ ಹಾಕುವ ಪಟ್ಟೆ ಬಟ್ಟೆಯಲ್ಲಿ ಹೊಲಿದದ್ದು, ಮುದುರಿ ಮಲಗಿದ ಬೆಕ್ಕಿನ ಮರಿಯಷ್ಟು ಗಾತ್ರ, ಎರಡೂ ತುದಿಗೆ ಲಾಡಿ. ಕೈಗೆತ್ತಿಕೊಂಡರೆ ಒಳಗೆ ಮರಳು ಸರಿದಾಡಿತು.

"ಇದು ನಂದಲ್ವಾ ಅಕ್ಕ?"

"ನಿಂದೇ. ನಿನ್ನ ಕಾಲು ಕಾಯ್ದದ್ದು, ಈಗ ನನ್ನ ಬಾಗಿಲು ಕಾಯ್ತಿದೆ. ನಿನಗಿಂತ ವಾಸಿ, ಇಟ್ಟ ಕಡೆ ಕೂತಿರತ್ತೆ."

"ನಮ್ಮ ನಂಜನಗೂಡಿನ ಹೊಳೆಯ ಮರಳು ಅಲ್ವಾ ಇದು? ಎಷ್ಟು ನುಣುಪು ನೋಡು."

"ನಂಜನಗೂಡಿನದೆಲ್ಲಿ ಬಂತು? ಇಲ್ಲೇ ಸಂಗಮದ ಮರಳು. ನಾನೇ ನಿಂತು ಜರಡಿ ಹಿಡಿಸಿದೆ."

ಪೇಪರಿನ ಮರೆಯಲ್ಲಿದ್ದ ಭಾವ ತಲೆ ಎತ್ತದೆಯೇ ಅಂದರು: "ಪಕ್ಕದ ಮನೆಯವರು ಕಾಂಪೌಂಡ್ ಕಟ್ಟಿಸ್ತಿದ್ರು. ಅಲ್ಲಿಂದ ಬುಟ್ಟಿಯಲ್ಲಿ ತಂದದ್ದು."

ನೋಡಿ, ಒಂದು ಹಿಡಿ ಮರಳಿಗೇ ಮೂರು ತವರಾಯಿತು. ನಾನು ತರ್ಕಶಾಸ್ತ್ರ ಓದಿ, ನಂಜನಗೂಡಿನ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವನು. ಸಾಕ್ಷಿಯಿಲ್ಲದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳಿ ಹೇಳಿ, ಕೊನೆಗೆ ನನ್ನ ನೆನಪನ್ನೇ ನಾನು ನಂಬದ ಸ್ಥಿತಿಗೆ ಬಂದಿದ್ದೇನೆ. ಪೆಟ್ಟಾದದ್ದು ಎಡಗಾಲಿಗೆ ಎಂದು ಯಾರ ಹತ್ತಿರ ಬೇಕಾದರೂ ವಾದ ಮಾಡಬಲ್ಲೆ. ಆದರೆ ಹೊಲಿಗೆಯ ಗುರುತು ಇರುವುದು ಬಲಮಂಡಿಯ ಮೇಲೆ. ಇಂಥವನು ಹೇಳುವ ಕತೆಯನ್ನು ನಿಮಗೆ ಎಷ್ಟು ತೋರುತ್ತದೋ ಅಷ್ಟು ನಂಬಿ. ಒಂದು ಸಂಗತಿಯನ್ನು ಮಾತ್ರ ಪೂರ್ತಿ ನಂಬಲೇಬೇಕು, ಅದನ್ನು ಬಂದಾಗ ಹೇಳುತ್ತೇನೆ.

ಚಿಕ್ಕಂದಿನಿಂದಲೂ ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ನಮ್ಮಪ್ಪ ನಂಜನಗೂಡಿನಲ್ಲಿ ದೇವಸ್ಥಾನದ ಕೈಂಕರ್ಯದವರು. ಸಂಧ್ಯಾವಂದನೆಗೆ ಮಣೆ ಹಾಕಿ ಕೂರಿಸಿದರೆ ಅವರು ಕಣ್ಣು ಮುಚ್ಚಿದ ಗಳಿಗೆಗೆ ನಾನು ಹೊಳೆಯ ಸೋಪಾನದಲ್ಲಿರುತ್ತಿದ್ದೆ. "ಇವನ ಕಾಲಲ್ಲಿ ಚಕ್ರ ಇದೆ" ಎನ್ನುತ್ತಿದ್ದರು. ದೊಡ್ಡವನಾದ ಮೇಲೆ ಆ ಚಕ್ರ ಬಸ್ಸಿಗೆ ಸೇರಿಕೊಂಡಿತು. ಬಸ್ಸು ನಿಲ್ಲುವ ಮೊದಲೇ ಹಿಂದಿನ ಬಾಗಿಲಿನಿಂದ ಇಳಿದು, ಅದು ಓಡುವ ದಿಕ್ಕಿಗೇ ಎರಡು ಹೆಜ್ಜೆ ಓಡಿ ನಿಲ್ಲುವುದು ನನ್ನ ಹೆಮ್ಮೆಯ ವಿದ್ಯೆಯಾಗಿತ್ತು. ವಿದ್ಯಾರ್ಥಿಗಳು ನೋಡುತ್ತಿದ್ದರಂತೂ ಹೆಜ್ಜೆಯಲ್ಲಿ ಇನ್ನೊಂದು ಠೀವಿ ಕೂಡುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ಮಧ್ಯಾಹ್ನ, ನಲವತ್ತರ ಹೊಸ್ತಿಲಲ್ಲಿದ್ದ ನನಗೆ ಆ ವಿದ್ಯೆ ಕೈಕೊಟ್ಟಿತು, ಅಥವಾ ಕಾಲುಕೊಟ್ಟಿತು. ನಂಜನಗೂಡು ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಸಿದ್ದೇಗೌಡನ ಬಾಳೆಹಣ್ಣಿನ ಮಂಡಿ. ಅವನು ಬಿಳಿಗೆರೆ ಕಡೆಯವನು, ನನ್ನ ಜೊತೆ ಮಿಡ್ಲ್ ಸ್ಕೂಲ್ ಓದಿದವನು. ನಾನು ಕಾಲೇಜು ಸೇರಿದ ಮೇಲೆ ನನ್ನನ್ನು ಮೇಷ್ಟ್ರೇ ಅನ್ನುವುದೋ ಹಳೆಯ ರೂಢಿಯಂತೆ ಕಣಯ್ಯ ಅನ್ನುವುದೋ ತೀರ್ಮಾನವಾಗದೆ ಎರಡನ್ನೂ ಒಟ್ಟಿಗೇ ಅನ್ನುತ್ತಿದ್ದ. ಆ ಮಂಡಿಯ ಮುಂದೆಯೇ ನಾನು ಇಳಿದದ್ದು, ಅಲ್ಲೇ ನನ್ನ ಮಂಡಿ ಮಡಿಚಿಕೊಂಡದ್ದು. ಪಾದ ನೆಲಕ್ಕೆ ಕಚ್ಚಿಕೊಂಡಿತು, ಮೈ ಮುಂದಕ್ಕೆ ಹೋಯಿತು, ನಡುವೆ ತೊಡೆ ಬಿಗಿಹಿಡಿದು ಎಳೆಯಿತು. ಮಂಡಿಯ ಮೇಲುಗಡೆ ಹಸಿ ಬೆತ್ತ ಮುರಿದ ಹಾಗೆ 'ಟಪ್' ಎಂದಿತು.

ಅಲ್ಲಿ ಬಾಳೆಹಣ್ಣಿನ ಸಿಪ್ಪೆ ಇತ್ತೇ ಇಲ್ಲವೇ ಎಂಬ ವಾದ ಇನ್ನೂ ಮುಗಿದಿಲ್ಲ. ಇರಲಿಲ್ಲ ಎನ್ನುವುದು ನನ್ನ ಪಕ್ಷ. ತರ್ಕಶಾಸ್ತ್ರದ ಅಧ್ಯಾಪಕ ಸಿಪ್ಪೆಗೆ ಜಾರಿಬಿದ್ದ ಎಂದರೆ ಮರ್ಯಾದೆ ಏನಾಗಬೇಕು? ಸಿದ್ದೇಗೌಡನದು ಬೇರೆ ಪಕ್ಷ. "ಸಿಪ್ಪೆ ಇದ್ದದ್ದು ದಿಟ ಕಣಯ್ಯ ಮೇಷ್ಟ್ರೇ. ಆದ್ರೆ ಅದು ಪಚ್ಚಬಾಳೆ ಸಿಪ್ಪೆ. ನಮ್ ಮಂಡೀಲಿ ರಸಬಾಳೆ ಬುಟ್ರೆ ಬ್ಯಾರೆ ಮಾರಾಕಿಲ್ಲ."

ಏಳಲು ಹೋದೆ. ನೋವಿಗಿಂತ ಹೆಚ್ಚಾಗಿ ಆಶ್ಚರ್ಯ. ಮಡಿಸುವ ಕುರ್ಚಿಯ ಕೀಲು ಕಳಚಿದ ಹಾಗೆ ಕಾಲು ನನ್ನ ಮಾತು ಕೇಳದೆ ಮಡಿಚಿಕೊಂಡು ಬಿತ್ತು. ಸಿದ್ದೇಗೌಡ ಓಡಿಬಂದು, ಬಾಳೆಗೊನೆ ಎತ್ತುವ ಹಾಗೆ ನನ್ನನ್ನು ಅಡ್ಡಡ್ಡ ಎತ್ತಿ ಜಟಕಾಕ್ಕೆ ಹಾಕಿದ. ಪೇಟೆಯ ಡಾಕ್ಟರು ಮಲಗಿಸಿ, "ಕಾಲು ನೀಟಿ ಮೇಲಕ್ಕೆ ಎತ್ತಿ" ಅಂದರು. ನನ್ನ ತಲೆ ಎತ್ತೆಂದು ಅಪ್ಪಣೆ ಕೊಟ್ಟಿತು, ಕಾಲು ಬಿದ್ದಲ್ಲೇ ಬಿದ್ದಿತ್ತು. ಅವರು ಮಂಡಿಚಿಪ್ಪಿನ ಮೇಲುಗಡೆ ಬೆರಳಿಟ್ಟರು. ಬೆರಳು ಇಡ್ಲಿ ಹಿಟ್ಟಿನೊಳಕ್ಕೆ ಹೋದಂತೆ ಒಳಕ್ಕೆ ಹೋಯಿತು. ತೊಡೆಯನ್ನು ಮಂಡಿಗೆ ಹಿಡಿದಿಡುವ ದಪ್ಪ ನರ ಇರಬೇಕಾದ ಜಾಗ ಅದು.

"ನರ ಕಟ್ಟಾಗಿದೆ" ಅಂದರು. "ಇಂಜೆಕ್ಷನ್ ಕೊಟ್ಟಿದೀನಿ, ತಡ ಮಾಡದೆ ಮೈಸೂರಿಗೆ ಕರ್ಕೊಂಡು ಹೋಗಿ."

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕನ್ನಡದಲ್ಲಿ ರಕ್ತ ಹರಿಯುವುದೂ ನರ, ನೋವು ಮುಟ್ಟಿಸುವುದೂ ನರ, ಮಾಂಸವನ್ನು ಮೂಳೆಗೆ ಬಿಗಿಯುವ ಹಗ್ಗವೂ ನರ, ಇವೆಲ್ಲ ಇರುವ ಮನುಷ್ಯನೂ ನರ. ಪುಸ್ತಕದಲ್ಲಿ ಸ್ನಾಯುರಜ್ಜು ಎಂಬ ಮಾತಿದೆ. ಹಾಗೆ ಅಂದಿದ್ದರೆ ಸಿದ್ದೇಗೌಡ ಜಟಕಾ ತಿರುಗಿಸಿ ಬೇರೆ ಡಾಕ್ಟರನ್ನು ಹುಡುಕುತ್ತಿದ್ದ. ನರದಿಂದ ತೊಂದರೆಯಾಗಲಿಲ್ಲ. ತೊಂದರೆ ಮಾಡಿದ್ದು ಕಟ್ಟು. ಡಾಕ್ಟರು ಆಡಿದ್ದು ಇಂಗ್ಲಿಷಿನಿಂದ ಬಂದ 'ಕಟ್' ಎಂಬ ಮಾತು. ತಂತಿ ಕಟ್ಟಾಯಿತು, ಕರೆಂಟು ಕಟ್ಟಾಯಿತು ಅನ್ನುತ್ತೇವಲ್ಲ, ಆ ಕಟ್ಟು. ಆದರೆ ನಮ್ಮ ಸೀಮೆಯಲ್ಲಿ ಕೈಕಾಲು ಪೆಟ್ಟಾದವರ ಮನೆಯಲ್ಲಿ ಮೊದಲು ಕೇಳುವುದೇ "ಕಟ್ಟು ಹಾಕಿಸಿದಿರಾ?" ಎಂದು. ಸೊಪ್ಪು ಅರೆದು, ಬಿದಿರ ದಬ್ಬೆ ಇಟ್ಟು ಬಿಗಿಯುವ ನಾಟಿ ಕಟ್ಟು.

ಸಿದ್ದೇಗೌಡ ಪೋಸ್ಟಾಫೀಸಿಗೆ ಹೋಗಿ ನರಸೀಪುರಕ್ಕೆ ಟ್ರಂಕ್ ಕಾಲ್ ಮಾಡಿದ. ಅಕ್ಕನ ಪಕ್ಕದ ಮನೆಯಲ್ಲಿ ಫೋನಿತ್ತು. ಆ ಸಂಭಾಷಣೆಯನ್ನು ನಾನು ಕೇಳಿದವನಲ್ಲ, ಆದರೆ ಇಬ್ಬರೂ ಇಷ್ಟು ಸಲ ಅಭಿನಯಿಸಿ ತೋರಿಸಿದ್ದಾರೆಂದರೆ ಈಗ ಅದು ನನ್ನ ಕಿವಿಯಲ್ಲೇ ನಡೆದ ಹಾಗಿದೆ.

"ಅಕ್ಕಾವ್ರೇ, ನಿಮ್ ತಮ್ಮ ಬಸ್ಸಿಂದ ಬಿದ್ದವ್ನೆ. ನರ ಕಟ್ಟಾಗೋಗದೆ!"

"ಅಯ್ಯೋ! ಕಟ್ಟಾಯ್ತಾ? ಸರಿಯಾಗಿ ಕಟ್ಟಾಗಿದ್ಯಾ?"

"ಪೂರ್ತಿ ಕಟ್ಟಾಗೋಗದೆ ಕಣ್ರವ್ವ. ವಸೀನೂ ಮಿಕ್ಕಿಲ್ಲ."

"ಸದ್ಯ, ದೇವರು ದೊಡ್ಡವನು! ಮತ್ತಿನ್ನೇನು, ಇಲ್ಲಿಗೇ ಕರ್ಕೊಂಡು ಬಂದ್ಬಿಡು. ನಾನು ನೋಡ್ಕೋತೀನಿ."

ಸಿದ್ದೇಗೌಡ ಬೆರಗಾದ. ನರ ಹರಿದಿದೆ ಎಂದರೆ ದೇವರು ದೊಡ್ಡವನು ಎನ್ನುವ ಹೆಂಗಸನ್ನು ಅವನು ಕಂಡಿರಲಿಲ್ಲ. ಇಷ್ಟು ಧೈರ್ಯವಾಗಿ ಕರೆಯಬೇಕಾದರೆ ಅಲ್ಲಿ ಯಾರೋ ಭಾರಿ ಡಾಕ್ಟರು ಇರಬೇಕೆಂದು ತಿಳಿದು, ಬಾಡಿಗೆ ಕಾರು ಗೊತ್ತುಮಾಡಿ, ಇಂಜೆಕ್ಷನ್ನಿನ ಮಂಪರಿನಲ್ಲಿದ್ದ ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಮೈಸೂರಿನ ದಾರಿ ಬಿಟ್ಟು ನರಸೀಪುರದ ದಾರಿ ಹಿಡಿದ.

ಅಕ್ಕ ಹಾಸಿಗೆ ಹಾಸಿ, ಅಡುಗೆ ಮಾಡಿ ಕಾದಿದ್ದಳು. ಕಾಲಿನ ಮೇಲಿನ ಪಂಚೆ ಸರಿಸಿ ನೋಡಿದಳು.

"ಎಲ್ಲೋ ಸಿದ್ದೇಗೌಡ, ಕಟ್ಟೇ ಕಾಣಿಸ್ತಿಲ್ಲ?"

"ಒಳಗಾಗಿರದಲ್ವಾ ಅಕ್ಕಾವ್ರೇ, ಈಚೆಗೆಂಗೆ ಕಾಣ್ತದೆ?"

"ಒಳಗೆ ಹೇಗಯ್ಯಾ ಕಟ್ತಾರೆ? ಯಾರು ಕಟ್ಟಿದ್ದು?"

"ಯಾರೂ ಕಟ್ಟಿಲ್ಲ. ಬಿದ್ದೇಟ್ಗೆ ತಂತಾನೇ ಕಟ್ಟಾಯ್ತು."

"ತಾನೇ ಕಟ್ಟಾಗಿದ್ರೆ ಇವನ್ಯಾಕೋ ಹೀಗೆ ನರಳ್ತಾನೆ?"

"ಕಟ್ಟಾಗಿರದ್ಕೇ ನರಳ್ತಾವ್ನೆ ಕಣ್ರವ್ವ!"

ಭಾವ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಒಳಗೆ ಮುಖ ತೊಳೆಯುತ್ತಿದ್ದವರು ಟವಲು ಹಿಡಿದೇ ಬಂದು ನಡುವೆ ನಿಂತರು. "ಶಾರದಾ, ಇದು ಇಂಗ್ಲಿಷಿನ ಕಟ್ಟು ಕಣೇ. ಕನ್ನಡದ್ದಲ್ಲ. ನರ ಹರಿದುಹೋಗಿದೆ."

ಅಕ್ಕ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟಳು. ಆಮೇಲೆ ಸಿದ್ದೇಗೌಡನ ಮೇಲೆ ತಿರುಗಿದಳು. "ಹರಿದೋಯ್ತು ಅನ್ನಕ್ಕೆ ಏನು ಧಾಡಿ ಬಂದಿತ್ತೋ ನಿನಗೆ?"

"ಡಾಕ್ಟ್ರಂದದ್ನೇ ನಾನಂದೆ! ನೀವೇ ದ್ಯಾವ್ರು ದೊಡ್ಡವ್ನು ಅಂದ್ರಿ, ಇನ್ನೇನ್ ಮಾಡ್ನಿ?"

ಆ ಗಲಾಟೆಯಲ್ಲೂ ಭಾವ ಅಡುಗೆಮನೆಯ ಕಡೆ ಮೂಗೆತ್ತಿ, ಏನು ಅಡುಗೆ ಎಂದು ಕೇಳಿದರು. ಅಕ್ಕ ಮುಖ ಬೇರೆ ಕಡೆ ತಿರುಗಿಸಿಕೊಂಡು, "ಕಟ್ಟಿನ ಸಾರು" ಅಂದಳು. ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟಿನಲ್ಲಿ ಮಾಡುವ ಆ ಸಾರು ನನಗೆ ಪ್ರಾಣ. ಯಾವ ಕಟ್ಟು ಆಗಿತ್ತೋ ಬಿಟ್ಟಿತ್ತೋ, ಈ ಕಟ್ಟಂತೂ ಸಿದ್ಧವಾಗಿತ್ತು. ಸಿದ್ದೇಗೌಡ ಉಂಡು ಕೈ ತೊಳೆದ ಮೇಲೆ ಅದೇ ಕಾರಿನಲ್ಲಿ ಮೈಸೂರಿಗೆ ಹೊರಟೆವು.

ಅಲ್ಲಿಯ ಸರ್ಜನ್ ತೆಳ್ಳನೆಯ ಮನುಷ್ಯ. "ಪೈಜಾಮದ ಲಾಡಿ ಒಳಗೆ ಹೋದದ್ದು ನೋಡಿದೀರಲ್ಲ? ಕೂಡಲೇ ಹಿಡಿದರೆ ಸಿಕ್ಕುತ್ತೆ. ಬಿಟ್ಟಷ್ಟೂ ಒಳಕ್ಕೆ ಹೋಗ್ತಾ ಇರುತ್ತೆ. ನಿಮ್ಮ ನರವೂ ಹಾಗೇ ತೊಡೆ ಒಳಕ್ಕೆ ಎಳ್ಕೊಳ್ಳುತ್ತೆ. ನಾಳೆ ಬೆಳಿಗ್ಗೇನೇ ಹಿಡಿದು ಹೊಲೀತೀನಿ" ಅಂದರು. ವಿಶ್ವವಿದ್ಯಾಲಯದಲ್ಲಿ ಎಷ್ಟೋ ಜನ ಪಂಡಿತರ ಉಪಮಾನಗಳನ್ನು ಕೇಳಿದ್ದೇನೆ, ಇಷ್ಟು ಚೆನ್ನಾಗಿ ನಾಟಿದ್ದು ಇನ್ನೊಂದಿಲ್ಲ. ಈಗಲೂ ಪೈಜಾಮ ಹಾಕಿಕೊಳ್ಳುವಾಗ ಲಾಡಿಯನ್ನು ಭದ್ರವಾಗಿ ಹಿಡಿದುಕೊಳ್ಳುತ್ತೇನೆ.

ಹೊಲಿದರು. ತೊಡೆಯಿಂದ ಕಣಕಾಲಿನವರೆಗೆ ಪ್ಲಾಸ್ಟರ್ ಹಾಕಿದರು. ನಾನು ಆಗ ಒಂಟಿ, ಆದ್ದರಿಂದ ಅಕ್ಕನ ಮನೆಯೇ ಗತಿ. ಅವಳ ಮನೆಯ ನಡುಮನೆಯಲ್ಲಿ ಬಿಳಿಯ ತೊಲೆಯೊಂದನ್ನು ಮುಂದೆ ಚಾಚಿಕೊಂಡು ಮಲಗಿದ್ದಾಗಲೇ ಅವಳ ಮಗಳು ವಿಮಲಳಿಗೆ ಗಂಡು ಗೊತ್ತಾಯಿತು. ಮುಂದಿನ ಬೇಸಿಗೆಯಲ್ಲಿ ಮದುವೆ, ನಂಜನಗೂಡಿನ ಛತ್ರದಲ್ಲಿ.

ನಮ್ಮ ಮನೆತನದಲ್ಲಿ ಮದುವೆಯ ಹೆಣ್ಣನ್ನು ಗೌರಿಪೂಜೆಯ ಮಣೆಯಿಂದ ಮಂಟಪಕ್ಕೆ ಸೋದರಮಾವ ಎತ್ತಿಕೊಂಡು ಬರಬೇಕು. ಹೆಣ್ಣುಗಳು ಎಂಟೊಂಬತ್ತು ವರ್ಷದವರಾಗಿದ್ದ ಕಾಲದ ಪದ್ಧತಿ ಅದು. ಈಗ ಡಿಗ್ರಿ ಓದಿದ ಹುಡುಗಿಯರನ್ನು ಎತ್ತುವುದು ಕಷ್ಟವೆಂದು ಎಷ್ಟೋ ಮನೆಗಳಲ್ಲಿ ಕೈಹಿಡಿದು ಕರೆತರುತ್ತಾರೆ. ಶಾಸ್ತ್ರ ಸಂಪ್ರದಾಯಗಳನ್ನು ಕಂಡರೆ ಪ್ರಶ್ನೆ ಹಾಕುವ ನಾನು, ಇದೊಂದರಲ್ಲಿ ಮಾತ್ರ ಸಿಕ್ಕಿಬಿದ್ದಿದ್ದೆ. ವಿಮಲ ಪುಟ್ಟವಳಿದ್ದಾಗ ಸಂಗಮದಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿದು, "ನಿನ್ನ ಮದುವೇಲೂ ಹೀಗೇ ಎತ್ತಿಕೊಂಡು ಹೋಗ್ತೀನಿ" ಎಂದಿದ್ದೆನಂತೆ. ನನಗೆ ನೆನಪಿಲ್ಲ. ಅವಳಿಗೆ ನೆನಪಿತ್ತು.

"ಮಾಮ, ಆಗತ್ತಾ?" ಎಂದು ಪ್ಲಾಸ್ಟರಿನ ಮೇಲೆ ಬೆರಳಿನಿಂದ ತಟ್ಟಿ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಭಾವ ನನ್ನ ಕಡೆ ತಿರುಗಿ ಅಂದರು: "ನಿಮ್ಮ ಚಿಕ್ಕಪ್ಪನ ಮಗ ರಾಮು ಇದಾನಲ್ಲ, ಗರಡಿ ಮೈ. ಅವನೂ ಸೋದರಮಾವನೇ. ಹೂವಿನ ಹಾಗೆ ಎತ್ತಿಬಿಡ್ತಾನೆ."

"ರಾಮು ಮಾಮ ಬೇಡ. ಈ ಮಾಮ ಎತ್ತಕ್ಕಾಗದಿದ್ರೆ ನಾನೇ ನಡ್ಕೊಂಡು ಬರ್ತೀನಿ" ಎಂದು ಎದ್ದುಹೋದಳು.

ಪ್ಲಾಸ್ಟರ್ ಬಿಚ್ಚಿದ ದಿನ ಒಳಗಿನಿಂದ ಹೊರಬಂದದ್ದು ನನ್ನ ಕಾಲೇ ಎಂದು ನಂಬಲು ಪ್ರಮಾಣ ಬೇಕಾಯಿತು. ನುಗ್ಗೆಕಾಯಿಯಂಥ ತೊಡೆ, ಮಡಿಚು ಎಂದರೆ ಮಡಿಚದ, ಎತ್ತು ಎಂದರೆ ನಡುಗುವ ಮಂಡಿ. ಮದುವೆಯ ವಿಷಯ ಹೇಳಿ, "ಎತ್ತಬಹುದಾ ಡಾಕ್ಟರೇ?" ಎಂದು ಕೇಳಿದೆ. ಸರ್ಜನ್ ಕನ್ನಡಕದ ಮೇಲಿನಿಂದ ನೋಡಿದರು. "ಮೊದಲು ನೀವು ಏಳಿ. ನೆಲದ ಮೇಲೆ ಕೂತು, ಎಲ್ಲೂ ಕೈ ಊರದೆ ಎದ್ದ ದಿನ ನನ್ನ ಹತ್ತಿರ ಬನ್ನಿ. ಆಮೇಲೆ ಬೇರೆಯವರನ್ನು ಎತ್ತೋ ಮಾತು."

ಹಾಗೆ ಬಂತು ಈ ಮರಳಿನ ಗಂಟು. ಕಣಕಾಲಿಗೆ ಕಟ್ಟಿಕೊಂಡು, ಕಾಲನ್ನು ನೀಟಾಗಿ ಚಾಚಿ ನಿಧಾನವಾಗಿ ಎತ್ತಿ ಇಳಿಸಬೇಕು. ಅಕ್ಕ ಹೊಲಿದಳು, ಮರಳು ಎಲ್ಲಿಂದಲೋ ಬಂತು. ಬೆಳಿಗ್ಗೆ ಎತ್ತಿದೆ, ಸಂಜೆ ಎತ್ತಿದೆ, ಪೇಪರ್ ಓದುತ್ತ ಎತ್ತಿದೆ. ಇದ್ದ ಕಡೆ ಇರಲಾರದ ನನ್ನ ಸ್ವಭಾವ ಅದೊಂದು ಸಲ ಉಪಯೋಗಕ್ಕೆ ಬಂತು. ಮನೆಯಲ್ಲಿ ಎಲ್ಲರೂ ನೆಲದ ಮೇಲೆ ಕೂತು ಉಣ್ಣುವಾಗ ನನಗೆ ಮಾತ್ರ ಭಾವನ ಬರೆಯುವ ಮೇಜಿನ ಮೇಲೆ ತಟ್ಟೆ. ಉತ್ತರಪತ್ರಿಕೆಗಳ ಪಕ್ಕದಲ್ಲಿ ಹುಳಿಯನ್ನ ಕಲಸುವಾಗ, ಫೇಲಾದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದಂತೆ ಅನ್ನಿಸುತ್ತಿತ್ತು. ಅಕ್ಕ ನಂಜನಗೂಡಿನ ಶ್ರೀಕಂಠನಿಗೆ ಹರಕೆ ಹೊತ್ತಳು, ನನ್ನ ಉರುಳುಸೇವೆ.

"ನನ್ನನ್ನು ಕೇಳದೆ ನನ್ನ ಮೈಯನ್ನು ಹರಕೆಗೆ ಕೊಟ್ಟದ್ದು ಯಾವ ನ್ಯಾಯ ಅಕ್ಕ?"

"ಉರುಳಕ್ಕೆ ಮಂಡಿ ಬೇಕಾಗಿಲ್ಲ, ಸುಮ್ನಿರು."

ಒಂದು ದಿನ ಮೂಗೂರಿನ ಕಡೆಯಿಂದ ಬಾಳೆ ತುಂಬಿಕೊಂಡು ಬಂದ ಸಿದ್ದೇಗೌಡ ಲಾರಿಯಿಂದ ಒಂದು ಅಕ್ಕಿ ಮೂಟೆಯನ್ನೂ ಇಳಿಸಿದ. ಹೊಸದರಲ್ಲಿ ಅದು ಕಾಲು ಮೂಟೆ. ವಾರ ಕಳೆದ ಹಾಗೆ ಅಕ್ಕಿ ತುಂಬುತ್ತ ಹೋಗುವುದು ಅವನ ಯೋಜನೆ. ಹಿತ್ತಲಿನಲ್ಲಿ ನಿಂತು ನನಗೆ ಅಭ್ಯಾಸ ಮಾಡಿಸಿದ.

"ನಡಾ ಬಗ್ಗಿಸ್ಬ್ಯಾಡ ಮೇಷ್ಟ್ರೇ, ತೊಡೇಲಿ ಏಳು. ಎಣ್ಣು ಅಂದ್ಕಂಡು ಎತ್ತಯ್ಯ, ಮೂಟೆ ಅಂದ್ಕಬ್ಯಾಡ."

"ಹೆಣ್ಣಿಗೆ ಹಿಡಿಯಕ್ಕೆ ಕಿವಿ ಇರಲ್ವಲ್ಲೋ, ಮೂಟೆಗಿದೆ."

ಹಿಂದಿನಿಂದ ಅಕ್ಕನ ದನಿ: "ಇದೇನ್ರೋ ಇದು, ಅಕ್ಕಿ ಮೂಟೆಗೆ ಧಾರೆ ಎರೀತಿದೀರಾ? ಅದು ಹರಿದ್ರೆ ನೀವಿಬ್ಬರೇ ಕೂತು ಆರಿಸಬೇಕು!"

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ನಾನು ಮೇಜು ಬಿಟ್ಟು ಎಲ್ಲರ ಜೊತೆ ಮಣೆಯ ಮೇಲೆ ಊಟಕ್ಕೆ ಕೂರಲು ಶುರುಮಾಡಿದ್ದೆ. ಏಳುವಾಗ ಗೋಡೆ ಹಿಡಿಯಬೇಕು, ಅಥವಾ ಅಂಗೈಯನ್ನು ನೆಲಕ್ಕೆ ಊರಬೇಕು. ಅವತ್ತು ಊಟ ಮುಗಿಸಿ, ಭಾವನ ಹತ್ತಿರ ಏನೋ ವಾದ ಮಾಡುತ್ತ ಎದ್ದು ಬಚ್ಚಲಿನ ಕಡೆ ಹೊರಟೆ. ಹಿಂದೆ ಅಕ್ಕನ ಕೈಯಿಂದ ಸೌಟು ಬಿದ್ದ ಸದ್ದು.

"ಏ, ನಿಂತ್ಕೋ! ಹೇಗೋ ಎದ್ದೆ ನೀನು?"

ನೋಡಿಕೊಂಡೆ. ಬಲಗೈಯಲ್ಲಿ ಎಂಜಲು ತಟ್ಟೆ, ಎಡಗೈಯಲ್ಲಿ ಮಜ್ಜಿಗೆಯ ಲೋಟ. ಊರಲು ಮೂರನೆಯ ಕೈ ನನಗಿಲ್ಲ. ಯೂಕ್ಲಿಡ್ಡಿನ ಯಾವ ಪ್ರಮೇಯವೂ ಇಷ್ಟು ಅಚ್ಚುಕಟ್ಟಾಗಿ ಸಿದ್ಧವಾದದ್ದಿಲ್ಲ. ಅನುಮಾನ ಪರಿಹಾರಕ್ಕೆಂದು ಅಲ್ಲೇ ಕುಕ್ಕರಗಾಲಲ್ಲಿ ಕೂತು ಮತ್ತೆ ಎದ್ದೆ. ವಿಮಲ ಚಪ್ಪಾಳೆ ತಟ್ಟಿದಳು. ಮಜ್ಜಿಗೆ ಚೆಲ್ಲಿತು. ಚೆಲ್ಲಿದ ಮಜ್ಜಿಗೆಗೆ ಅಕ್ಕ ಬಯ್ಯದಿದ್ದದ್ದು ಆ ಮನೆಯ ಚರಿತ್ರೆಯಲ್ಲಿ ಅದೇ ಮೊದಲು.

ಯಾರಿಂದ ಗುಣವಾಯಿತು ಎಂಬ ಚರ್ಚೆ ಅವತ್ತೇ ಶುರುವಾಯಿತು. ಅಕ್ಕನ ಪ್ರಕಾರ ಶ್ರೀಕಂಠ, ಭಾವನ ಪ್ರಕಾರ ಸರ್ಜನ್, ಸಿದ್ದೇಗೌಡನ ಪ್ರಕಾರ ಅವನು ಕಳಿಸುತ್ತಿದ್ದ ರಸಬಾಳೆ. ನಾನು ಪ್ರಮಾಣವಿಲ್ಲದೆ ಯಾರ ಪಕ್ಷವನ್ನೂ ವಹಿಸಲಿಲ್ಲ. ಆದರೆ ಉರುಳುಸೇವೆ ಮಾಡಿದೆ. ತೊಡೆಗೆ ಒಳ್ಳೆಯ ವ್ಯಾಯಾಮವೆಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಸರ್ಜನ್ ನನ್ನನ್ನು ಕೂರಿಸಿ, ಏಳಿಸಿ, ತೊಡೆ ಹಿಸುಕಿ ನೋಡಿ ಅಂದರು: "ಎತ್ತಿ. ಓಡಬೇಡಿ. ಮುಖ್ಯವಾಗಿ, ಬಸ್ಸು ನಿಂತ ಮೇಲೆ ಇಳೀರಿ."

ಮದುವೆಯ ಬೆಳಿಗ್ಗೆ ಛತ್ರದ ಒಳಕೋಣೆಯಲ್ಲಿ ವಿಮಲ ಗೌರಿಪೂಜೆ ಮುಗಿಸಿ ಮಣೆಯ ಮೇಲೆ ಕೂತಿದ್ದಳು. ಹೊರಗೆ ಅಂತಃಪಟ ಹಿಡಿದಾಗಿತ್ತು. ಬಾಗಿಲಲ್ಲಿ ರಾಮು ಪಂಚೆ ಬಿಗಿದು, ಆಟಗಾರ ಗಾಯಗೊಳ್ಳಲೆಂದು ಕಾಯುವ ಕ್ರಿಕೆಟ್ಟಿನ ಹನ್ನೆರಡನೆಯವನ ಹಾಗೆ ನಿಂತಿದ್ದ. ಬೀಗರ ಕಡೆಯ ಹಿರಿಯರೊಬ್ಬರು ಕನಿಕರದಿಂದ, "ಕೈ ಹಿಡಿದು ಕರ್ಕೊಂಡು ಬಂದ್ರೂ ಶಾಸ್ತ್ರಕ್ಕೆ ಸಾಕು ಸ್ವಾಮಿ. ನಮ್ಮದೇನೂ ಒತ್ತಾಯ ಇಲ್ಲ" ಅಂದರು. ಕೋಣೆಯಲ್ಲಿದ್ದ ಒಬ್ಬರೂ ಮದುಮಗಳನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಬಲಮಂಡಿಯ ಮೇಲೆ. ಎಡಮಂಡಿಯೆಂದು ಈಗ ಬರೆಯಲು ಕೈ ಹೋಗುತ್ತಿದೆ, ಇರಲಿ.

ನಾನು ಕುಕ್ಕರಗಾಲಲ್ಲಿ ಕೂತೆ. ಒಂದು ತೋಳು ಬೆನ್ನ ಹಿಂದೆ, ಒಂದು ಮಂಡಿಗಳ ಕೆಳಗೆ. ವಿಮಲ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು: "ಮಾಮ, ನಿನ್ನೆ ಸಂಜೆಯಿಂದ ಏನೂ ತಿಂದಿಲ್ಲ. ಹಗುರ ಇದೀನಿ."

ಆ ಒಂದು ಮಾತಿಗೆ ನನ್ನ ತರ್ಕವೆಲ್ಲ ಕರಗಿತು. ಉಪವಾಸದಿಂದ ಒಂದು ದಿನಕ್ಕೆ ಯಾರೂ ಹಗುರಾಗುವುದಿಲ್ಲ. ಆದರೂ ಅವಳು ಹಗುರಾಗಿದ್ದಳು. ಉಸಿರು ಬಿಗಿಹಿಡಿದೆ. ಹೊಲಿಗೆಯ ಜಾಗದಲ್ಲಿ ನರ ವೀಣೆಯ ತಂತಿಯ ಹಾಗೆ ಬಿಗಿಯಾಯಿತು. ತಡೆಯಿತು. ತೊಡೆ ಅದನ್ನು ಹಿಡಿದುಕೊಂಡಿತು. ನಾನು ಎದ್ದೆ. ಜರಿಸೀರೆ, ಮೊಗ್ಗಿನ ಜಡೆ, ಒಡವೆ, ಕೈಯಲ್ಲಿ ಹಿಡಿದ ತೆಂಗಿನಕಾಯಿ, ಎಲ್ಲದರ ಸಮೇತ ನನ್ನ ಅಕ್ಕನ ಮಗಳನ್ನು ಎತ್ತಿಕೊಂಡು ನೆಟ್ಟಗೆ ನಿಂತೆ.

ನಡೆದೆ. ನಾಗಸ್ವರದವನು ನನ್ನ ಹೆಜ್ಜೆ ನೋಡಿಕೊಂಡು ನುಡಿಸುತ್ತಿದ್ದ, ಅಥವಾ ನನಗೆ ಹಾಗೆ ಅನ್ನಿಸಿತು. ಹಿಂದೆ ಸಿದ್ದೇಗೌಡ, ಬಿದ್ದರೆ ಹಿಡಿಯಲೆಂದು ಎರಡೂ ಕೈ ಮುಂದೆ ಚಾಚಿ, ಲಾರಿಯ ಕೆಳಗೆ ನಿಂತ ಹಮಾಲಿಯ ಹಾಗೆ ಬರುತ್ತಿದ್ದ. "ನಿಧಾನ ಕಣಯ್ಯ ಮೇಷ್ಟ್ರೇ, ನಿಧಾನ. ಕೆಳಗೆ ಸಿಪ್ಪೆ ಗಿಪ್ಪೆ ನೋಡ್ಕ." ವಿಮಲ ನಗತೊಡಗಿದಳು. ನಗುವ ಹೆಣ್ಣನ್ನು ಎತ್ತಿಕೊಂಡು ನಡೆಯುವುದು ಅಕ್ಕಿ ಮೂಟೆಗಿಂತ ಕಷ್ಟ ಎಂದು ಅವನು ನನಗೆ ಹೇಳಿಕೊಟ್ಟಿರಲಿಲ್ಲ. ಮಂಟಪದ ಮೆಟ್ಟಿಲನ್ನೂ ಹತ್ತಿ, ಬೇಕೆಂದೇ ಬಲಗಾಲನ್ನೇ ಮುಂದಿಟ್ಟು ಹತ್ತಿ, ಅವಳನ್ನು ಅಂತಃಪಟದ ಈಚೆ ಮೆಲ್ಲಗೆ ಇಳಿಸಿದೆ. ಛತ್ರವೆಲ್ಲ ಹೋ ಎಂದಿತು. ಬೀಗರ ಕಡೆಯ ಆ ಹಿರಿಯರೂ ಎದ್ದು ನಿಂತಿದ್ದರು. ಮದುಮಗ ಪರದೆಯ ಆಚೆಯಿಂದ ಇದೇನು ಗದ್ದಲವೆಂದು ಕತ್ತು ಚಾಚಿ, ಪುರೋಹಿತರ ಕೈಯಲ್ಲಿ ಬೈಸಿಕೊಂಡ.

ಮರಳು ಎಲ್ಲಿಯದಾದರೂ ಆಗಲಿ. ಸಿಪ್ಪೆ ಇದ್ದರೂ ಇರಲಿ. ನಾನು ಎತ್ತಿದೆ. ನೀವು ನಂಬಲೇಬೇಕೆಂದು ಮೊದಲೇ ಹೇಳಿದ್ದು ಇದನ್ನೇ. ಇದಕ್ಕೆ ನನ್ನ ನೆನಪಿನ ಹಂಗಿಲ್ಲ, ಛತ್ರ ತುಂಬ ಸಾಕ್ಷಿಗಳಿದ್ದರು.

ಪುರೋಹಿತರು ಗಟ್ಟಿಮೇಳವೆಂದು ಕೈಯೆತ್ತಿದರು. ಮದುಮಗ ತಾಳಿ ಹಿಡಿದು ಬಾಗಿದ. ಜನ ಮುನ್ನುಗ್ಗಿ ಅಕ್ಷತೆ ಎರಚಿದರು. ಅಕ್ಕ ಮಂಟಪದ ಕಂಬಕ್ಕೆ ಒರಗಿ, ಮಗಳ ಕಡೆ ನೋಡಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾನು ಅವಳ ಪಕ್ಕದಲ್ಲಿ, ಕಂಬ ಹಿಡಿಯದೆ, ಎರಡೂ ಕಾಲಿನ ಮೇಲೆ ನಿಂತಿದ್ದೆ. ವಾದ್ಯದ ಅಬ್ಬರದ ನಡುವೆ ಸೆರಗಿನೊಳಗಿಂದಲೇ ಕೇಳಿದಳು:

"ಕಟ್ಟಾಯ್ತೇನೋ?"

"ಕಟ್ಟಾಯ್ತು ಅಕ್ಕ," ಅಂದೆ. "ಕನ್ನಡದ್ದು."